ಎಡಗಡೆಯ ಅರ್ಧ

ಸಿದಿಕಾತ್ ಮೂರು ಫೋಟೋಗಳನ್ನು ಮೇಜಿನ ಮೇಲೆ ಇಸ್ಪೀಟೆಲೆಗಳ ಹಾಗೆ ಹರಡಿ, “ಇದರಲ್ಲಿ ಟೈವೊ ಎಲ್ಲಿದಾಳೆ ತೋರಿಸಿ, ಆಂಟಿ” ಎಂದಳು.

ಅಲಾಬಾ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಮೂರರಲ್ಲೂ ನಾಲ್ಕು ವರ್ಷದ ಇಬ್ಬರು ಹುಡುಗಿಯರು, ಒಂದೇ ಹಳದಿ ಅಂಗಿ, ಒಂದೇ ಜಡೆ, ಒಂದೇ ಮುಖ. ಎದುರು ಅಂಗಡಿಯ ಫೋಟೋಗ್ರಾಫರ್ ವಾಸಿಯು ತೆಗೆದದ್ದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಿಂದೆ ಅವನ ಜಲಪಾತದ ಪರದೆ ಇತ್ತು. ಮಗುವಿನ ರೆಪ್ಪೆಗೂದಲು ಎಣಿಸಬಹುದಿತ್ತು, ಅಷ್ಟು ಸ್ಪಷ್ಟ. ಬಲಗೈ ಮೇಲೆ ಆಸ್ಪತ್ರೆಯ ಸೂಜಿ ಬಿಟ್ಟುಹೋದ ಕಪ್ಪು ಗಂಟೂ ಅಷ್ಟೇ ಸ್ಪಷ್ಟ. ಇಬ್ಬರ ಕೈ ಮೇಲೂ.

ಎರಡನೆಯ ಫೋಟೋದಲ್ಲಿ ವಾಸಿಯು ಒಬ್ಬಳನ್ನು ಕಂಪ್ಯೂಟರಿನಲ್ಲಿ ತಿರುಗಿಸಿದ್ದ. ಗಂಟು ಅವಳ ಎಡಗೈಗೆ ಹೋಗಿತ್ತು. ಮೂರನೆಯದರಲ್ಲಿ ಗಂಟನ್ನು ಅಳಿಸಿ, ಜೊತೆಗೆ ಮುಖವನ್ನೂ ತಿಕ್ಕಿ, ಮಗು ಅಂಗಡಿಯ ಗಾಜಿನಲ್ಲಿಟ್ಟ ಪ್ಲಾಸ್ಟಿಕ್ ಬೊಂಬೆಯಂತಾಗಿತ್ತು.

“ಇವಳು?” ಎಂದು ಅಲಾಬಾ ಬೊಂಬೆಯ ಮೇಲೆ ಬೆರಳಿಟ್ಟಳು.

“ಅವಳೂ ಕೆಹಿಂದೆನೇ. ಬಿಳಿ ಪೌಡರ್ ಹಚ್ಕೊಂಡ ಕೆಹಿಂದೆ. ಟೈವೊ ಸೂಜಿ ಚುಚ್ಚಿಸೋಕೂ ಪುರುಸೊತ್ತು ಕೊಡದೆ ಹೊರಟುಹೋದ್ಲು. ಅವಳ ಕೈ ಮೇಲೆ ಆ ಗುರುತು ಹೇಗೆ ಬಂತು ಅಂತ ವಾಸಿಯುನ ಕೇಳಿದ್ರೆ, ಅಳಿಸಿ ಕೊಡ್ತೀನಿ ಅಂತಾನೆ. ಅಳಿಸಿದ್ರೆ ಟೈವೊ ಬರ್ತಾಳಾ?”

ಅವಳ ಬೆನ್ನಿಗೆ ಬಟ್ಟೆಯಲ್ಲಿ ಬಿಗಿದಿದ್ದ ಕೆಹಿಂದೆ ಮೆಲ್ಲಗೆ ಕೆಮ್ಮಿದಳು. ನಾಲ್ಕು ವರ್ಷದ ಮಗುವನ್ನು ಬೆನ್ನಿಗೆ ಕಟ್ಟುವವರು ಕಡಿಮೆ. ಆದರೆ ಕೆಹಿಂದೆಯ ರಕ್ತದಲ್ಲೇ ತೊಂದರೆ. ತಿಂಗಳಿಗೊಮ್ಮೆ ಮೂಳೆಗಳು ಹಿಂಡಿದಂತೆ ನೋಯುತ್ತಿದ್ದವು, ಆಗ ಅವಳು ನಡೆಯುತ್ತಿರಲಿಲ್ಲ.

ಈವೊ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವಳಿಗಳಲ್ಲಿ ಮೊದಲು ಹೊರಬಂದದ್ದು ಟೈವೊ, ಎರಡನೆಯದು ಕೆಹಿಂದೆ. ಹೆಸರನ್ನು ಅಪ್ಪ ಅಮ್ಮ ಆರಿಸುವುದಿಲ್ಲ, ಅದು ಮಗುವಿನ ಜೊತೆಗೇ ಬರುತ್ತದೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರನ್ನು ಕೂರಿಸಿ ಒಂದು ಸಲ ತಮ್ಮ ಹೆಸರಿನಲ್ಲಿ, ಇನ್ನೊಂದು ಸಲ ಹೋದವರ ಹೆಸರಿನಲ್ಲಿ ತೆಗೆದು, ಅಕ್ಕಪಕ್ಕ ಒಂದೇ ಫೋಟೋ ಮಾಡಿ ಗೋಡೆಗೆ ಹಾಕುತ್ತಾರೆ. ಅಜ್ಜಿಯರ ಕಾಲದಲ್ಲಿ ಅದು ಮರದ ಬೊಂಬೆಯಾಗಿತ್ತು.

“ಬೊಂಬೆ ಇಡೋದಕ್ಕೆ ನಮ್ಮ ಮಸೀದಿ ಅಲ್ಫಾ ಬಿಡಲ್ಲ. ನಮಾಜು ಮಾಡೋ ಮನೇಲಿ ಮರದ ಮಗುಗೆ ಊಟ ಇಡ್ತೀರಾ ಅಂತ ಬೈತಾರೆ. ಫೋಟೋಗೆ ಏನೂ ಅನ್ನಲ್ಲ. ಆಂಟಿ, ಅವಳಿಗೆ ಇರೋಕೆ ಒಂದು ಜಾಗ ಬೇಕು. ಎಂಟು ತಿಂಗಳಿಗೇ ಹೋದ್ಲು, ಒಂದು ಫೋಟೋ ಇಲ್ಲ. ಜಾಗ ಇಲ್ದೆ ಅಲೀತಿದಾಳೆ, ಅಲೀತಾ ಇವಳನ್ನ ಕರೀತಿದಾಳೆ. ನಮ್ಮತ್ತೆ ಹೇಳ್ತಾರೆ, ಟೈವೊ ಗೋಡೆ ಮೇಲೆ ನಿಂತ ದಿನ ಕೆಹಿಂದೆ ನೆಲದ ಮೇಲೆ ನಿಲ್ತಾಳೆ ಅಂತ.”

“ಆಸ್ಪತ್ರೆ ಬಿಡಬೇಡ.”

“ಯಾರು ಬಿಡ್ತಿದಾರೆ? ಆಸ್ಪತ್ರೆಯವರು ಅವರ ಕೆಲಸ ಮಾಡ್ಲಿ. ನೀವು ನಿಮ್ಮದು ಮಾಡಿ.”

ಅಲಾಬಾ ಫೋಟೋಗಳನ್ನು ಒಟ್ಟು ಮಾಡಿ ವಾಪಸು ಕೊಟ್ಟಳು. ಆಗುವುದಿಲ್ಲ ಎನ್ನಲು ಬಾಯಿ ತೆರೆದವಳು “ಮಾಡ್ತೀನಿ” ಎಂದಳು.

ಅವಳು ಮಾಡುತ್ತೇನೆ ಎಂದದ್ದಕ್ಕೆ ಕಾರಣ ಅವಳ ಅಮ್ಮನ ಮನೆಯ ಗೋಡೆಯಲ್ಲಿತ್ತು. ಅವಳಿಗಳ ನಂತರ ಹುಟ್ಟಿದವರು ಇದೊವು, ಇದೊವುವಿನ ನಂತರ ಹುಟ್ಟಿದವರು ಅಲಾಬಾ. ಅಂದರೆ ಹೆಸರಿನಿಂದಲೇ ಅವಳು ಯಾರದೋ ಬಾಲ. ಅವಳ ಅಣ್ಣಂದಿರಲ್ಲಿ ಟೈವೊ ಸತ್ತು ಕೆಹಿಂದೆ ಉಳಿದಿದ್ದ. ಗೋಡೆಯ ಕಪ್ಪು-ಬಿಳುಪು ಫೋಟೋದಲ್ಲಿ ಇಬ್ಬರು ಹುಡುಗರು ಚಡ್ಡಿ ಹಾಕಿಕೊಂಡು ಕೂತಿದ್ದರು, ಇಬ್ಬರೂ ಕೆಹಿಂದೆಯೇ. ಆದರೂ ಮನೆಗೆ ಬಂದ ಯಾರನ್ನು ಕೇಳಿದರೂ, ಒಂದು ಸಲವೂ ತಪ್ಪದೆ, ಬಲಗಡೆಯವನು ಟೈವೊ ಎನ್ನುತ್ತಿದ್ದರು. ಅವನಿಗೆ ಬೇರೆ ಗುರುತೇನೂ ಇರಲಿಲ್ಲ. ಅದೇ ಮೂಗು, ಅದೇ ಮೊಣಕಾಲಿನ ಗಾಯ. ಆದರೆ ಅವನು ಬೇರೆಯವನಾಗಿದ್ದ.

ಅದನ್ನು ತೆಗೆದದ್ದು ದೊಡ್ಡಪ್ಪ ಲಾಸಿಸಿ. ಈ ಸ್ಟುಡಿಯೋ ಅವನದೇ. ಕಣ್ಣಿಗೆ ಪೊರೆ ಬಂದು ಹನ್ನೆರಡು ವರ್ಷದಿಂದ ಹಿಂಭಾಗದ ಜಗುಲಿಯಲ್ಲಿ ಕೋಲಾ ಕಾಯಿ ಅಗಿಯುತ್ತ ಕೂತಿದ್ದ. ಅಲಾಬಾ ಅವನ ಕೈಕೆಳಗೇ ಕೆಲಸ ಕಲಿತವಳು. ಆದರೆ ಅವಳು ಕಲಿಯುವ ಹೊತ್ತಿಗೆ ಬಣ್ಣದ ರೀಲು ಬಂದಾಗಿತ್ತು. ಆ ಅವಳಿ ಫೋಟೋದ ವಿದ್ಯೆ ಅವಳ ಕೈಗೆ ಬರಲಿಲ್ಲ. ಅದು ಕ್ಯಾಮರಾದ್ದೋ, ದೊಡ್ಡಪ್ಪನದೋ ಎಂಬುದೂ ಅವಳಿಗೆ ತಿಳಿದಿರಲಿಲ್ಲ.

ಹೊರಗೆ ಮಾತ್ರ ಅವಳು ಹದಿನೈದು ವರ್ಷದಿಂದ ಒಂದೇ ವಾದ ಮಾಡುತ್ತ ಬಂದಿದ್ದಳು: ಕ್ಯಾಮರಾ ಒಂದು ಡಬ್ಬಿ, ತೆಗೆಯುವುದು ಕಣ್ಣು. ಅವಳ ಕೈಯಲ್ಲಿದ್ದದ್ದು ಅಂಗೈಯಲ್ಲಿ ಮುಚ್ಚಿಹೋಗುವ ಹಳೇ ಡಿಜಿಟಲ್ ಕ್ಯಾಮರಾ. ಮದುವೆಗಳಿಗೆ ಹೋದರೆ ಹೆಂಗಸರು ತಲೆಗೆ ಸುತ್ತಿದ ಗೆಲೆ ಬಟ್ಟೆ ಕೂಡ ಸರಿಮಾಡಿಕೊಳ್ಳುತ್ತಿರಲಿಲ್ಲ. ಒಮ್ಮೆ ಮದುಮಗಳ ಸೋದರತ್ತೆ, “ಸ್ವಲ್ಪ ಅತ್ತ ಸರಿಯಮ್ಮ, ಫೋಟೋಗ್ರಾಫರ್‌ಗೆ ಅಡ್ಡ ಬರ್ತಿದೀಯ” ಎಂದು ಅವಳ ರಟ್ಟೆ ಹಿಡಿದು ಎಳೆದಿದ್ದಳು. ಆ ಫೋಟೋಗ್ರಾಫರ್ ವಾಸಿಯು. ಅವನ ಕ್ಯಾಮರಾಕ್ಕೆ ಗೆಣಸಿನ ಗಾತ್ರದ ಮೂತಿ, ಮೇಲೆ ಬಿಳಿ ಕೊಡೆ, ಕೆಳಗೆ ಇನ್ನೊಂದು ಡಬ್ಬಿ. ಆ ಕೆಳಗಿನ ಡಬ್ಬಿಯಲ್ಲಿ ಏನೂ ಇರಲಿಲ್ಲ. ದೊಡ್ಡದಾಗಿ ಕಾಣಲಿ ಎಂದು ಹಾಕಿಸಿದ್ದು. ಅದನ್ನು ಕಂಡ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

“ಆಂಟಿ ಅಲಾಬಾ, ಕಣ್ಣು ಕಣ್ಣು ಅಂತೀರಲ್ಲ, ನಿಮ್ಮ ಕಣ್ಣು ಎಷ್ಟು ಮೆಗಾಪಿಕ್ಸೆಲ್ಲು?” ಎಂದು ಅವನು ರಸ್ತೆಯ ಆಚೆಯಿಂದಲೇ ಕೂಗುತ್ತಿದ್ದ.

“ನಿನ್ನ ಬಾಯಷ್ಟು ಇಲ್ಲಪ್ಪ!”

ಆ ದಿನ ಸಿದಿಕಾತ್ ಹೋದ ಮೇಲೆ ಅವನು ರಸ್ತೆ ದಾಟಿ ಬಂದ. “ಆ ಇಯಾ ಇಬೇಜಿ, ಅವಳಿಗಳ ತಾಯಿ, ನಿಮ್ಮ ಹತ್ರ ಬಂದ್ಲಾ? ತಗೋಬೇಡಿ ಆಂಟಿ. ನಾನು ಮೂರು ಸಲ ಮಾಡ್ಕೊಟ್ಟೆ. ಅದಕ್ಕಿಂತ ಚೆನ್ನಾಗಿ ಲಾಗೋಸಿನಲ್ಲೂ ಬರಲ್ಲ.”

“ಚೆನ್ನಾಗಿದೆ. ಅದೇ ಕಷ್ಟ. ಒಂದು ಮಗು ತುಂಬಾ ಚೆನ್ನಾಗಿ ಬಂದಿದೆ, ಎರಡು ಸಲ.”

“ಇರೋದೇ ಒಂದು ಮಗು! ನಾನು ಎರಡನೇದನ್ನ ಎಲ್ಲಿಂದ ತರ್ಲಿ?”

ಅಲಾಬಾ ಎದ್ದು ಹಿಂದಿನ ಜಗುಲಿಗೆ ಹೋದಳು.

“ಬಾಬಾ, ಅವಳಿ ಫೋಟೋ ತೆಗೆಯುವಾಗ ನೀವು ಏನು ಮಾಡ್ತಿದ್ರಿ?”

“ಮುಂಗಡ ಇಸ್ಕೋತಿದ್ದೆ” ಎಂದ ಲಾಸಿಸಿ, ಕೆಂಪು ಹಲ್ಲು ತೋರಿಸಿ.

“ತಮಾಷೆ ಬೇಡ ಬಾಬಾ.”

“ಏನು ಮಾಡ್ತಿದ್ದೆ? ಫಿಲ್ಮಿನ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ ಬದುಕಿದ ಮಗುನ ಎಡಗಡೆ ತೆಗೀತಿದ್ದೆ. ಆಮೇಲೆ ರಟ್ಟು ಈ ಕಡೆ ಸರಿಸಿ, ಅದೇ ಮಗುನ ಬಲಗಡೆ ಕೂರಿಸಿ, ಹೋದವರ ಹೆಸರು ಹಿಡಿದು ಕರೀತಿದ್ದೆ. ಕರೆದು ಕಾಯ್ತಿದ್ದೆ.”

“ಎಷ್ಟು ಹೊತ್ತು?”

“ಬರೋವರೆಗೂ.”

“ಬರದಿದ್ರೆ?”

“ಬರದೆ ಎಲ್ಲಿಗೆ ಹೋಗ್ತಾರೆ? ಮಕ್ಕಳು. ಕರೆದವರ ಕಡೆ ತಿರುಗೋದು ಅವಕ್ಕೆ ಅಭ್ಯಾಸ.”

“ಹಾಗಾದ್ರೆ ಕ್ಯಾಮರಾದ್ದು ಏನೂ ಇಲ್ವಾ?”

ಮುದುಕ ಅಗಿದದ್ದನ್ನು ಪಕ್ಕಕ್ಕೆ ಉಗುಳಿದ. “ಇಲ್ದೇ ಏನು? ಅದು ನಿಧಾನ. ಆನೆ ಥರ ಎದುರಿಗೆ ನಿಂತಿರ್ತಿತ್ತು. ಜನಕ್ಕೆ ಭಯ. ಉಸಿರು ಹಿಡಿದು ಕೂರ್ತಿದ್ರು, ಕೂತಾಗ ಯಾರ್ಯಾರೋ ನೆನಪಾಗ್ತಿದ್ರು ಅವರಿಗೆ. ನಿನ್ನ ಬೆಂಕಿಪೊಟ್ಟಣದ ಮುಂದೆ ಯಾರಿಗೆ ಯಾರು ನೆನಪಾಗ್ತಾರೆ?”

ಅವಳು ಬೇರೆ ಏನನ್ನೋ ಕೇಳಲು ಬಂದಿದ್ದಳು. ವಿದ್ಯೆ ಕ್ಯಾಮರಾದ್ದೋ ತನ್ನದೋ, ಎರಡರಲ್ಲಿ ಒಂದನ್ನು ಅವನು ಹೇಳಿಬಿಟ್ಟಿದ್ದರೆ ಸಾಕಿತ್ತು. ಆದರೂ ಆ ಸಂಜೆಯೇ ಅಟ್ಟಕ್ಕೆ ಏಣಿ ಹಾಕಿ ದೊಡ್ಡಪ್ಪನ ಹಳೇ ಮರದ ಕ್ಯಾಮರಾವನ್ನು ಕೆಳಗಿಳಿಸಿದಳು. ಕ್ಯಾಮರಾ ಮುಖ್ಯವಲ್ಲ ಎಂದು ಊರೆಲ್ಲ ಸಾರಿದವಳು ಕಡೆಗೆ ಒಂದು ಕ್ಯಾಮರಾದ ಕಾಲು ಹಿಡಿದಳು. ವಾಸಿಯು ನೋಡಿದರೆ ನಗುತ್ತಾನೆ ಎಂದು ಬಾಗಿಲ ಅಗುಳಿ ಹಾಕಿಕೊಂಡಳು.

ಒಂದು ವಾರ ಹಿಡಿಯಿತು. ಕ್ಯಾಮರಾದ ಚರ್ಮದ ತಿದಿಯನ್ನು ಇಲಿ ಕಡಿದಿತ್ತು. ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚು ಇಟ್ಟು, ಬೆಳಕು ಸೋರುವ ತೂತನ್ನೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ, ಪಂಕ್ಚರ್ ಅಂಗಡಿಯ ಅಂಟಿನಿಂದ ಮುಚ್ಚಿದಳು. ಆ ಅಳತೆಯ ಫಿಲ್ಮು ಈಗ ಎಲ್ಲೂ ಸಿಗುವುದಿಲ್ಲ. ಆದರೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಫಿಲ್ಮು ಇತ್ತು, ಅದನ್ನು ತೊಳೆಯುವ ನೀರೂ ಇತ್ತು. ಅಲ್ಲಿಯ ಮನುಷ್ಯ, ಅವಳು ಅವನ ಮಗನ ನಾಮಕರಣದ ಫೋಟೋ ತೆಗೆದಿದ್ದಳು, ಎರಡು ಹಾಳೆ ಫಿಲ್ಮನ್ನು ಕಪ್ಪು ಕಾಗದದಲ್ಲಿ ಸುತ್ತಿ, ಎರಡು ಸೀಸೆ ನೀರು ತುಂಬಿ ಕೊಟ್ಟ.

“ಏನು ಎಕ್ಸ್‌ರೇ ಮಾಡ್ತೀರಾ ಆಂಟಿ, ಮೂಳೆನಾ?”

“ನೋಡೋಣ ಏನು ಕಾಣುತ್ತೋ.”

ಮೊದಲ ಹಾಳೆಯಲ್ಲಿ ಅವಳು ದೊಡ್ಡಪ್ಪನನ್ನೇ ತೆಗೆದು ನೋಡಿದಳು. ಗಡ್ಡ ಬಂದಿತ್ತು, ಟೋಪಿ ಬಂದಿತ್ತು, ನಡುವೆ ಮುಖ ಇರಲಿಲ್ಲ. ಆ ಫಿಲ್ಮಿಗೆ ಕಂದು ಬಣ್ಣ ಕಾಣುವುದಿಲ್ಲ. ಈವೊ ಊರಿನ ಮುಖಗಳಿಗಾಗಿ ಅದನ್ನು ಯಾರೂ ಮಾಡಿರಲಿಲ್ಲ. ಲಾಸಿಸಿಗೆ ಹೇಳಿದಾಗ ಅವನು ನಕ್ಕ. “ಹಳೇ ಫಿಲ್ಮೂ ಹಾಗೇ ಇತ್ತು. ಶಿಯಾ ಬೆಣ್ಣೆ ಹಚ್ಚು. ಮುಖ ಹೊಳೀಬೇಕು. ಹೊಳಪನ್ನ ತೆಗಿ, ಮುಖ ಅದರ ಹಿಂದೆ ಬರುತ್ತೆ.”

ಎರಡನೆಯ ಹಾಳೆ ಒಂದೇ ಉಳಿದಿತ್ತು. ಎಕ್ಸ್‌ರೇ ಮನುಷ್ಯ ಲೆಕ್ಕ ಒಪ್ಪಿಸಬೇಕಾದವನು. ಇನ್ನೊಂದು ಕೇಳಲು ಅವಳಿಗೆ ಮುಖವಿರಲಿಲ್ಲ.

ಬುಧವಾರ ಬೆಳಿಗ್ಗೆ ಸಿದಿಕಾತ್ ಮಗುವನ್ನು ಕರೆದುಕೊಂಡು ಬಂದಳು. ಕೆಹಿಂದೆ ಅಂದು ನಡೆದೇ ಬಂದಿದ್ದಳು. ಅಲಾಬಾ ಎರಡು ಸ್ಟೂಲು ಹಾಕಿ, ಮಗುವನ್ನು ಎಡಗಡೆಯದರ ಮೇಲೆ ಕೂರಿಸಿ, ಕೆನ್ನೆ ಹಣೆಗಳಿಗೆ ಬೆಣ್ಣೆ ತಿಕ್ಕಿದಳು. ತಗಡಿನ ಮಾಡಿಗೆ ಲಾಸಿಸಿ ಎಂದೋ ಕೂರಿಸಿದ್ದ ಪಾರದರ್ಶಕ ಹಾಳೆಯಿಂದ ಬೆಳಕು ಇಳಿದು ಮಗುವಿನ ಮುಖ ತಾಮ್ರದ ಬಟ್ಟಲಿನಂತೆ ಮಿಂಚಿತು.

“ಇದು ಏನು?” ಕೆಹಿಂದೆ ಕ್ಯಾಮರಾ ನೋಡಿ ಕೇಳಿದಳು.

“ಕ್ಯಾಮರಾ.”

“ಸುಳ್ಳು. ಬೀರು.”

ಅಲಾಬಾ ಕರಿ ಬಟ್ಟೆಯನ್ನು ತಲೆಯ ಮೇಲೆ ಹೊದ್ದು ನೋಡಿದಳು. ಗಾಜಿನಲ್ಲಿ ಮಗು ತಲೆಕೆಳಗಾಗಿ ತೂಗುತ್ತಿತ್ತು. ಫಿಲ್ಮಿನ ಚೌಕಟ್ಟನ್ನು ಹಿಂದೆ ಕೂರಿಸಿ, ಅದರ ಹಲಗೆ ಮುಚ್ಚಳವನ್ನು ಎಳೆದಳು. ಮಳೆಗಾಲಕ್ಕೆ ಉಬ್ಬಿದ ಮರ. ಮುಚ್ಚಳ ಕಿರುಗುಟ್ಟುತ್ತ ಬಂತು, ಮತ್ತೆ ಒಳಗೆ ತಳ್ಳಿದರೆ ಮುರಿಯುವ ಹಾಗಿತ್ತು. ಹಾಗೇ ಬಿಟ್ಟು, ಚೌಕಟ್ಟಿನ ಮೇಲೆ ಕರಿ ಬಟ್ಟೆ ಹೊದಿಸಿದಳು.

“ಕೆಹಿಂದೆ, ಇಲ್ಲಿ ನೋಡು ಕಂದಾ. ಅಲ್ಲಾಡಬೇಡ.” ಮಸೂರದ ಮುಚ್ಚಳ ತೆಗೆದು, ಮೂರು ಎಣಿಸಿ, ಹಾಕಿದಳು. ಮಗು ಕಣ್ಣು ಮಿಟುಕಿಸದೆ ಬೀರುವನ್ನು ದುರುಗುಟ್ಟಿ ನೋಡಿತ್ತು. ಅವಳು ಕ್ಯಾಮರಾದೊಳಗಿನ ಕಪ್ಪು ರಟ್ಟನ್ನು ಇನ್ನೊಂದು ಅರ್ಧಕ್ಕೆ ಸರಿಸಿ, ಮಗುವನ್ನು ಬಲಗಡೆಯ ಸ್ಟೂಲಿಗೆ ಎತ್ತಿ ಕೂರಿಸಿದಳು. “ಈಗ ಟೈವೊ.”

ಮಗು ತಲೆ ಎತ್ತಲಿಲ್ಲ.

“ಟೈವೊ, ಇಲ್ಲಿ ನೋಡು.”

“ನಾನು ಟೈವೊ ಅಲ್ಲ.”

“ಇವತ್ತೊಂದಿನ ಆಗು” ಎಂದಳು ಸಿದಿಕಾತ್.

“ಟೈವೊ ಮಣ್ಣಲ್ಲಿದಾಳೆ.”

ಸಿದಿಕಾತ್ ಬಾಯಿಗೆ ಕೈ ಅಡ್ಡ ಹಿಡಿದಳು. ಅಲಾಬಾ ಕಾದಳು. ಬೀದಿಯಲ್ಲಿ ಅಕಾರಾ ವಡೆ ಮಾರುವವಳು ಕೂಗಿ ಹೋದಳು, ಮೋಟಾರ್ ಸೈಕಲ್ಲುಗಳು ಹೋದವು. ಟೈವೊ, ಎಂದು ಅವಳು ಮೆಲ್ಲಗೆ ಕರೆದಳು; ಟೈವೊ, ಎಂದು ಅಮ್ಮ ಕರೆದಳು. ಮಗು ತನ್ನ ಕೈಮೇಲಿನ ಗಂಟನ್ನು ಕೆರೆಯುತ್ತ ಕೂತಿತು. ಕಾಲು ಗಂಟೆ ಆಯಿತು. ಬರುವವರೆಗೂ ಎಂದಿದ್ದ ಮುದುಕ.

“ಆ ಕರಿ ಬಟ್ಟೆ ಒಳಗೆ ಏನಿದೆ?” ಮಗು ಇದ್ದಕ್ಕಿದ್ದಂತೆ ಕೇಳಿತು.

“ಏನಿಲ್ಲ. ಕತ್ತಲೆ.”

“ನಾನು ಹೋಗ್ತೀನಿ ಅದರೊಳಗೆ.”

ಆಮೇಲೆ ಅಲಾಬಾ ಈ ಗಳಿಗೆಯನ್ನು ಬಹಳ ಸಲ ತಿರುವಿ ಹಾಕಿದಳು. ಅವಳು ಯೋಚಿಸಲೇ ಇಲ್ಲ. ಮಗುವಿನ ಮುಖದಲ್ಲಿ ಮೊದಲ ಸಲ ಏನೋ ಅಲುಗಿತ್ತು, ಅದು ಆರಿಹೋಗುವ ಮುನ್ನ ಹಿಡಿಯಬೇಕಿತ್ತು. ಕ್ಯಾಮರಾದ ಮೇಲಿಂದ ಬಟ್ಟೆ ಎಳೆದು ಮಗುವಿನ ತಲೆಯ ಮೇಲೆ ಹೊದಿಸಿದಳು. ಸ್ಟೂಲಿನ ಮೇಲೆ ಒಂದು ಕಪ್ಪು ಗುಪ್ಪೆ ಕೂತಿತು.

“ಕೆಹಿಂದೆ ಒಳಗೆ ಹೋದ್ಲು” ಎಂದಳು ಸಿದಿಕಾತ್. “ಹೊರಗೆ ಬರೋದು ಯಾರು?”

ಬಟ್ಟೆ ಉಸಿರಿಗೆ ಏರಿ ಇಳಿಯಿತು. ಅಮ್ಮ ಅವಳಿಗಳ ಹಾಡು ಗುನುಗತೊಡಗಿದಳು, ಮಾರುಕಟ್ಟೆಯಲ್ಲಿ ಅವಳಿ ಕಂಡರೆ ಹೆಂಗಸರು ಹಾಡುವಂಥದು. ಅವಳು ಮುಗಿಸಿ ಮತ್ತೆ ಮೊದಲಿಂದ ಶುರುಮಾಡಿದಳು. ಮಾಡಿನ ಬೆಳಕು ನೆಲದ ಮೇಲೆ ಜರುಗಿ ಬಂದು ಕ್ಯಾಮರಾದ ಬೆನ್ನನ್ನು ಮುಟ್ಟಿತ್ತು. ಅಲಾಬಾ ನೋಡುತ್ತಿದ್ದದ್ದು ಬಟ್ಟೆಯನ್ನು.

ಬಟ್ಟೆ ಜಾರಿತು. ಹೊರಬಂದ ಮುಖ ಎಣ್ಣೆ ಬೆವರುಗಳಿಂದ ಒದ್ದೆಯಾಗಿತ್ತು. ಕಣ್ಣುಗಳು ಕತ್ತಲಿನಿಂದ ಬಂದು ಬೆಳಕನ್ನು ಅರ್ಥಮಾಡಿಕೊಳ್ಳಲಾರದೆ ಇನ್ನೂ ದೊಡ್ಡದಾಗಿದ್ದವು. ಕೈಗಳು ಬಟ್ಟೆಯೊಳಗೇ ಇದ್ದವು. ಅದು ಅಮ್ಮನನ್ನು ನೋಡಿತು. ಯಾರೋ ಹೊಸಬರನ್ನು ನೋಡುವಂತೆ, ಬೇಸರವಿಲ್ಲದೆ, ಕೋಪವಿಲ್ಲದೆ. ಅಲಾಬಾ ಮಸೂರದ ಮುಚ್ಚಳ ತೆಗೆದಳು. ಒಂದು, ಎರಡು, ಮೂರು.

ಅವಳು ಮಸೂರ ಮುಚ್ಚಿದಳು. ಬಂದಿತ್ತು. ಅಮ್ಮನ ಮನೆಯ ಗೋಡೆಯ ಮೇಲಿನದಕ್ಕಿಂತ ಚೆನ್ನಾಗಿ ಬಂದಿತ್ತು. ಹದಿನೈದು ವರ್ಷದಲ್ಲಿ ಅವಳು ತೆಗೆದ ಮದುವೆ, ಶವಸಂಸ್ಕಾರ, ನಾಮಕರಣಗಳೆಲ್ಲ ಸೇರಿದರೂ ಈ ಮೂರು ಎಣಿಕೆಗೆ ಸಮವಾಗುತ್ತಿರಲಿಲ್ಲ.

ಕೆಂಪು ಬಲ್ಬಿನ ಕೆಳಗೆ, ಪಿಂಗಾಣಿ ಬೇಸಿನ್ನಿನಲ್ಲಿ ಫಿಲ್ಮು ಅಲ್ಲಾಡಿಸುವಾಗ ಬಲಗಡೆಯ ಮಗು ನಿಧಾನಕ್ಕೆ ಮೂಡಿತು. ಎಡಗಡೆ ಕಪ್ಪಾಯಿತು. ಮೇಲಿಂದ ಶುರುವಾದ ಕಪ್ಪು ಮಸಿ ಚೆಲ್ಲಿದಂತೆ ಹರಡಿ, ತಲೆ, ಎದೆ, ಮಡಿಲು ಎಲ್ಲವನ್ನೂ ನುಂಗಿ, ಸ್ಟೂಲಿನ ಕಾಲುಗಳ ಹತ್ತಿರ ನಿಂತಿತು. ಏನಾಯಿತೆಂದು ಅವಳಿಗೆ ಆಗಲೇ ಗೊತ್ತಾಯಿತು. ಹೊರಬಂದು ಫಿಲ್ಮಿನ ಚೌಕಟ್ಟನ್ನು ಬಿಸಿಲಿಗೆ ಹಿಡಿದಳು. ಅಂಚಿನ ಮರದಲ್ಲಿ ಕೂದಲಿನಷ್ಟು ಬಿರುಕು. ತಿದಿಯ ತೂತುಗಳನ್ನೆಲ್ಲ ಹುಡುಕಿದವಳು ಇದನ್ನು ನೋಡಿರಲಿಲ್ಲ. ದೊಡ್ಡಪ್ಪನ ಕಾಲದಲ್ಲಿ ಇದರ ಮೇಲಿಂದ ಬಟ್ಟೆ ಎಂದೂ ಸರಿದಿರಲಿಲ್ಲ. ಬಟ್ಟೆ ತೆಗೆದ ಮೇಲೆ ಟೈವೊ ಬರಲೆಂದು ಕಾದ ಅಷ್ಟೂ ಹೊತ್ತು ಬಿಸಿಲು ಆ ಬಿರುಕಿನಿಂದ ಒಳಗಿಳಿದು, ತೆಗೆದಾಗಿದ್ದ ಕೆಹಿಂದೆಯನ್ನು ಸುಟ್ಟಿತ್ತು.

ಆದರೂ ಅವಳು ಫಿಲ್ಮನ್ನು ಕಿಟಕಿಗೆ ಅಂಟಿಸಿ, ಸಣ್ಣ ಕ್ಯಾಮರಾದಲ್ಲಿ ಅದರ ಚಿತ್ರ ತೆಗೆದು, ಪ್ರಿಂಟು ಹಾಕಿಸಲು ವಾಸಿಯುವಿನ ಅಂಗಡಿಗೆ ಹೋದಳು. ಬೇರೆ ದಾರಿ ಇರಲಿಲ್ಲ. ವಾಸಿಯು ಬಾಯಿತುಂಬ ನಗೆ ಇಟ್ಟುಕೊಂಡೇ ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿದ. ನಗೆ ನಿಂತಿತು.

“ಇದು ಯಾರು ಆಂಟಿ?”

“ಅದೇ ಮಗು.”

“ಅಲ್ಲ. ಆ ಮಗುನ ನಾನು ಮೂರು ಸಲ ತೆಗೆದಿದೀನಿ. ಅದರ ರೆಪ್ಪೆಗೂದಲು ಕೂಡ ಗೊತ್ತು ನನಗೆ. ಇದು ಅವಳಲ್ಲ.” ಅವನು ಪರದೆಗೆ ಮೂಗು ತಾಗಿಸಿದ. “ಯಾವ ಮಸೂರ ಇದು? ನಿಜ ಹೇಳಿ. ಆ ಹಳೇ ಪೆಟ್ಟಿಗೆನ ನನಗೆ ಕೊಡ್ತೀರಾ?”

“ಎಡಗಡೆ ನೋಡು ವಾಸಿಯು.”

“ಎಡಗಡೆ ಏನಿದೆ? ಖಾಲಿ. ಅಲ್ಲಿಗೊಂದು ಹೂಕುಂಡ ಹಾಕ್ಲಾ?”

“ಬೇಡ.”

ಶುಕ್ರವಾರ ಸಿದಿಕಾತ್ ಬಂದಾಗ ಮಗು ಮತ್ತೆ ಬೆನ್ನಿನ ಮೇಲಿತ್ತು. ಹಿಂದಿನ ಎರಡು ದಿನ ನೋವು, ಜ್ವರ. ಬಟ್ಟೆಯ ಎರಡೂ ಕಡೆ ಕಾಲುಗಳು ಸೋತು ತೂಗುತ್ತಿದ್ದವು. ಆದರೂ ಅವಳು ಅವಳಿಗಳ ಹೆಸರಿನಲ್ಲಿ ಅಲಸಂದೆ ಬೇಯಿಸಿ, ಕೆಂಪು ತಾಳೆಣ್ಣೆ ಹಾಕಿ, ಮುಚ್ಚಿದ ಬಟ್ಟಲಿನಲ್ಲಿ ತಂದಿದ್ದಳು. ಅಲಾಬಾ ಫೋಟೋ ಕೊಟ್ಟಳು.

ಸಿದಿಕಾತ್ ಅಳಲಿಲ್ಲ. ಅವಳ ಮಂಡಿಗಳು ಬಾಗಿದವು, ಹಿರಿಯರ ಮುಂದೆ ಬಾಗುವಂತೆ. ನೆಲದ ಮೇಲೆ ಕೂತು ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು, “ಬಂದ್ಯಾ ನನ್ನವ್ವ, ಇಷ್ಟು ದೊಡ್ಡವಳಾದ್ಯಾ?” ಎಂದು ಕೆನ್ನೆ ಸವರಿದಳು. “ಆಂಟಿ, ನಿಮ್ಮ ಕೈಗೆ ಒಳ್ಳೇದಾಗ್ಲಿ. ಇವಳು ನಮ್ಮ ಟೈವೊ. ಹುಟ್ಟಿದಾಗ ಹೀಗೇ ನೋಡಿದ್ಲು ನನ್ನ.”

ಅಲಾಬಾಗೆ ಒಂದು ಕ್ಷಣ ಸಂತೋಷವಾಯಿತು. ಅದನ್ನು ಆಮೇಲೆ ಅವಳು ತನಗೆ ತಾನೇ ಕ್ಷಮಿಸಲಿಲ್ಲ.

ಸಿದಿಕಾತಳ ಬೆರಳು ಟೈವೊಳ ಭುಜದಿಂದ ಜಾರಿ ಎಡಕ್ಕೆ ಹೋಯಿತು. ಬಿಳಿ. ಹೊಗೆ ತುಂಬಿದಂತೆ ಬಿಳಿ. ಅದರ ಅಡಿಯಲ್ಲಿ ಸ್ಟೂಲಿನ ಮೂರು ಕಾಲು.

“ಕೆಹಿಂದೆ?”

“ಬೆಳಕು ಹೊಕ್ಕು ಹಾಳಾಯ್ತು. ನನ್ನ ತಪ್ಪು, ಬಟ್ಟೆ ತೆಗೀಬಾರದಿತ್ತು. ಇನ್ನೊಂದು ಹಾಳೆ ಹೇಗಾದ್ರೂ ತರ್ತೀನಿ. ಮತ್ತೆ ತೆಗೆಯೋಣ.”

ಸಿದಿಕಾತಳಿಗೆ ಕೇಳಿಸಿದಂತಿರಲಿಲ್ಲ. “ಪಕ್ಕದಲ್ಲಿ ಸ್ಟೂಲಿದೆ” ಎಂದಳು. ಆಮೇಲೆ, ತೀರ ಮೆಲ್ಲಗೆ, “ಇವಳಿಗೆ ಜಾಗ ಇಟ್ಕೊಂ‍ಡು ಕೂತಿದಾಳೆ.”

“ಹಾಗಲ್ಲಮ್ಮ. ಮರದಲ್ಲಿ ಬಿರುಕು. ತೋರಿಸ್ತೀನಿ ಬಾ, ಬರೀ ಬಿರುಕು ಅದು.”

“ಎಷ್ಟು ಹೊತ್ತು ಕರೆದ್ವಿ ಆಂಟಿ ನಾವು. ಅವಳು ಬಂದ್ಲು. ಬಂದವಳು ಸುಮ್ನೆ ಬರ್ತಾಳಾ?”

“ಕೆಹಿಂದೆನ ಈಗಲೇ ತೆಗೀತೀನಿ. ಈ ಸಣ್ಣದರಲ್ಲಿ. ಒಂದು ನಿಮಿಷ. ಪಕ್ಕಕ್ಕೆ ಅಂಟಿಸಿ ಕೊಡ್ತಾನೆ ವಾಸಿಯು.” ಅಲಾಬಾ ಮೇಜಿನ ಮೇಲಿಂದ ಕ್ಯಾಮರಾ ಎತ್ತಿಕೊಂಡಳು.

ಸಿದಿಕಾತ್ ಚಂಗನೆ ಎದ್ದು ಬೆನ್ನಿನ ಮಗುವನ್ನು ಗೋಡೆಯ ಕಡೆ ಮಾಡಿ ನಿಂತಳು. “ಬೇಡ! ನಾನೇ ಕೂರಿಸಿಕೊಡ್ಲಾ ಅಲ್ಲಿ ಅವಳನ್ನ? ಆ ಸ್ಟೂಲಿನ ಮೇಲೆ?”

ಗೋಡೆಯ ಕಡೆಯಿಂದ ಮಗು ಮುಲುಗಿತು. ರಸ್ತೆಯಾಚೆ ಕರೆಂಟು ಹೋಗಿ ವಾಸಿಯುವಿನ ಜನರೇಟರ್ ಗುಡುಗಲು ಶುರುವಾಯಿತು. ಸಿದಿಕಾತ್ ಫೋಟೋ ಹರಿಯಲಾರಳು ಎಂದು ಅಲಾಬಾಗೆ ಗೊತ್ತಿತ್ತು. ಬಿಟ್ಟುಹೋಗಲಾರಳು ಎಂದೂ ಗೊತ್ತಿತ್ತು.

“ಕತ್ತರಿ ಕೊಡಿ” ಎಂದಳು ಸಿದಿಕಾತ್. ಆಮೇಲೆ, “ಬೇಡ, ನೀವೇ ಕತ್ತರಿಸಿ. ಆ ಕಡೆದು ತೆಗೆದುಬಿಡಿ.”

ಅಲಾಬಾ ಕತ್ತರಿಸಿದಳು. ಟೈವೊಳ ಭುಜದ ಹತ್ತಿರ ಕತ್ತರಿ ಜಾರಿ ಅಂಚು ಡೊಂಕಾಯಿತು. ಬಲಗಡೆಯ ಅರ್ಧವನ್ನು ಸಿದಿಕಾತ್ ತಲೆಯ ಬಟ್ಟೆ ಬಿಚ್ಚಿ ಅದರಲ್ಲಿ ಸುತ್ತಿಕೊಂಡಳು. ಬರುವಾಗ ಇದ್ದ ಬೆಳಕು ಅವಳ ಮುಖದಲ್ಲಿರಲಿಲ್ಲ. ಗೋಡೆಗೆ ಹಾಕುತ್ತಾಳೋ, ಪೆಟ್ಟಿಗೆಯ ತಳಕ್ಕೆ ಹಾಕುತ್ತಾಳೋ, ಕೇಳುವ ಧೈರ್ಯ ಅಲಾಬಾಗೆ ಬರಲಿಲ್ಲ. ಸಿದಿಕಾತ್ ಮೆಟ್ಟಿಲಿಳಿದು, ಬೆನ್ನಿನ ಗಂಟನ್ನು ಇನ್ನಷ್ಟು ಬಿಗಿದು, ಆಸ್ಪತ್ರೆಯ ಕಡೆಗೆ ಬೇಗ ಬೇಗ ನಡೆದಳು.

“ಅಲಸಂದೆ ವಾಸನೆ ಬರ್ತಿದೆ” ಎಂದು ಹಿಂದಿನ ಜಗುಲಿಯಿಂದ ಲಾಸಿಸಿ ಕೂಗಿದ. “ನನಗಿಲ್ವಾ?”

ಅಲಾಬಾ ಬಟ್ಟಲನ್ನು ತೆಗೆದುಕೊಂಡು ಹೋಗಿ ಅವನ ಮುಂದಿಟ್ಟು, ಅವನ ಕೈಯನ್ನು ಅದರ ಅಂಚಿಗೆ ಮುಟ್ಟಿಸಿದಳು. ಅವನು ಬೆರಳು ಚೀಪುತ್ತ ತಿಂದ.

“ಹೋದ್ಲಾ ತಾಯಿ? ಫೋಟೋ ಒಪ್ಪಿಗೆ ಆಯ್ತಾ?”

“ತಗೊಂಡು ಹೋದ್ಲು.”

“ಎಡಗಡೆ ಯಾರನ್ನ ಕೂರಿಸಿದ್ದೆ?”

“ಕೆಹಿಂದೆನ.”

“ನಗ್ತಿದ್ಲಾ?”

ಅಲಾಬಾ ಕೈಯಲ್ಲಿ ಉಳಿದಿದ್ದ ಬಿಳಿ ಅರ್ಧವನ್ನು ಬೆಳಕಿಗೆ ಹಿಡಿದು, ಅತ್ತಿತ್ತ ಓರೆ ಮಾಡಿ, ಬಹಳ ಹೊತ್ತು ನೋಡಿದಳು.

“ಇಲ್ಲ ಬಾಬಾ” ಎಂದಳು. “ಸುಮ್ನೆ ಕೂತಿದಾಳೆ.”